ಕಿವಿಗೆ ಕವಿಯುವ ಮಂಜು

ಮಂಜು ಮುಸುಕಿದ ಬೆಳಗಿನಲ್ಲಿ ಮರಗಳ ಅಂಚು ಮಸುಕಾಗುತ್ತದೆ; ಹತ್ತಿರದ ವಸ್ತುವೂ ದೂರದಲ್ಲಿರುವಂತೆ ಭಾಸವಾಗುತ್ತದೆ. ಇದಕ್ಕೆ ಕಾರಣವೇನೆಂಬುದನ್ನು ನಾವೆಲ್ಲರೂ ಬಲ್ಲೆವು. ನೀರಿನ ಸೂಕ್ಷ್ಮ ಹನಿಗಳು ಬೆಳಕನ್ನು ದಿಕ್ಕುದಿಕ್ಕಿಗೆ ಚೆದರಿಸಿಬಿಡುತ್ತವೆ. ಕಣ್ಣಿಗೆ ಕವಿಯುವ ಈ ಮಂಜಿನಂತೆ ಕಿವಿಗೂ ಒಂದು ಮಂಜು ಕವಿಯಬಹುದೆ? ಕವಿಯಬಹುದು. ಅಷ್ಟೇ ಅಲ್ಲ, ಅದನ್ನು ಬೇಕೆಂದೇ ನಿರ್ಮಿಸಿ, ಬೇಕಾದಷ್ಟು ದಟ್ಟವಾಗಿಸಿ, ಬೇಡವಾದಾಗ ತಿಳಿಯಾಗಿಸಿ, ಅದರಿಂದಲೇ ಸಂಗೀತವನ್ನು ಕಟ್ಟಿದವರೂ ಉಂಟು.

ಸ್ಕಾಟ್ಲೆಂಡಿನಲ್ಲಿ, ಫೋರ್ತ್ ನದಿಯು ಸಮುದ್ರವನ್ನು ಸೇರುವೆಡೆಯಲ್ಲಿ, ಗ್ರೇಂಜ್‌ಮೌತ್ ಎಂಬ ಬಂದರಿದೆ. ಬಹುಕಾಲ ತೈಲ ಶುದ್ಧೀಕರಣಕ್ಕೆ ಹೆಸರಾಗಿದ್ದ ಊರು ಅದು. ಅಲ್ಲಿ 1979ರಲ್ಲಿ ಗಿಟಾರ್ ವಾದಕ ರಾಬಿನ್ ಗಥ್ರಿ ಮತ್ತು ಮಂದ್ರ ಗಿಟಾರಿನ ವಿಲ್ ಹೆಗ್ಗಿ ಎಂಬ ತರುಣರು ಒಂದು ತಂಡವನ್ನು ಆರಂಭಿಸಿದರು. ಸ್ವಲ್ಪ ಕಾಲದ ತರುವಾಯ ಎಲಿಜಬೆತ್ ಫ್ರೇಸರ್ ಗಾಯಕಿಯಾಗಿ ಸೇರಿದರು. ತಂಡದ ಹೆಸರು ಕಾಕ್ಟೋ ಟ್ವಿನ್ಸ್. 1982ರಿಂದ 1996ರ ವರೆಗೆ ಈ ತಂಡ ಹೊರತಂದ ಧ್ವನಿಮುದ್ರಿಕೆಗಳನ್ನು ಇಂದು 'ಡ್ರೀಮ್ ಪಾಪ್', ಅಂದರೆ ಸ್ವಪ್ನಸಂಗೀತ, ಎಂಬ ಪಂಥದ ಮೂಲಕೃತಿಗಳೆಂದು ಎಣಿಸುತ್ತಾರೆ. ಈ ಸಂಗೀತವನ್ನು ಮೆಚ್ಚುವವರು ಅದರಲ್ಲಿ ಕನಸಿನ ಗುಣವಿದೆಯೆನ್ನುತ್ತಾರೆ. ಮೆಚ್ಚದವರು, ಅದು ಯಂತ್ರಗಳ ಮಾಯೆ, ಯಂತ್ರಗಳನ್ನು ಆರಿಸಿದರೆ ಉಳಿಯುವುದು ಅಲ್ಪವೆನ್ನುತ್ತಾರೆ. ಭೌತಶಾಸ್ತ್ರದ ವಿದ್ಯಾರ್ಥಿಗಳಾದ ನಾವು ಈ ಎರಡು ಮಾತುಗಳನ್ನೂ ಪರೀಕ್ಷಿಸಬೇಕು. ಕನಸಿನ ಗುಣವೆಂದರೆ ಯಾವುದು? ಯಂತ್ರಗಳು ನಿಜವಾಗಿ ಮಾಡುವುದೇನು?

ಒಂದು ಉಪಾಯ, ಮೂರು ಫಲ

ಈ ಸಂಗೀತದ ಬಹುಪಾಲು ಯಂತ್ರಗಳ ಒಳಗಿರುವ ಉಪಾಯ ಒಂದೇ: ಶಬ್ದವನ್ನು ಸ್ವಲ್ಪ ಹೊತ್ತು ತಡೆದಿಟ್ಟು, ಆಮೇಲೆ ಮೂಲಶಬ್ದದೊಂದಿಗೆ ಮತ್ತೆ ಕೂಡಿಸುವುದು. ತಡೆಯುವ ಅವಧಿ ಎಷ್ಟೆಂಬುದರ ಮೇಲೆ ಫಲ ಬದಲಾಗುತ್ತದೆ.

ಮೊದಲು ಅತ್ಯಲ್ಪ ಅವಧಿಯನ್ನು ತೆಗೆದುಕೊಳ್ಳೋಣ. ಶಬ್ದವನ್ನು ಒಂದು ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ, ತಡೆದು ಕೂಡಿಸಿದೆವೆನ್ನಿ. ಸೆಕೆಂಡಿಗೆ 1000 ಬಾರಿ ಕಂಪಿಸುವ ಸ್ವರಕ್ಕೆ ಒಂದು ಮಿಲಿಸೆಕೆಂಡು ಸರಿಯಾಗಿ ಒಂದು ಕಂಪನದ ಕಾಲ. ಆದುದರಿಂದ ಉಬ್ಬಿನ ಮೇಲೆ ಉಬ್ಬು ಬಿದ್ದು ಆ ಸ್ವರ ಬಲಗೊಳ್ಳುತ್ತದೆ. 500 ಕಂಪನದ ಸ್ವರಕ್ಕಾದರೋ ಅದು ಅರ್ಧ ಕಂಪನದ ಕಾಲ; ಉಬ್ಬಿನ ಮೇಲೆ ತಗ್ಗು ಬಿದ್ದು ಆ ಸ್ವರ ಅಳಿಸಿಹೋಗುತ್ತದೆ. ಹೀಗೆ 1000, 2000, 3000 ಕಂಪನಗಳು ಬೆಳೆಯುತ್ತವೆ. 500, 1500, 2500 ಕಂಪನಗಳು ಮರೆಯಾಗುತ್ತವೆ. ಇದರ ನಕ್ಷೆಯನ್ನು ಬರೆದರೆ ಬಾಚಣಿಗೆಯ ಹಲ್ಲುಗಳಂತೆ ತೋರುತ್ತದೆ. ತಡೆಯುವ ಅವಧಿಯನ್ನು ಮೆಲ್ಲನೆ ಹೆಚ್ಚುಕಡಮೆ ಮಾಡುತ್ತಿದ್ದರೆ ಈ ಹಲ್ಲುಗಳು ಮೇಲಕ್ಕೂ ಕೆಳಕ್ಕೂ ಸರಿದಾಡುತ್ತವೆ. ತಂತಿಯ ಸ್ವರ ಅದೇ ಇದ್ದರೂ ಅದರ ಬಣ್ಣ ಮಾತ್ರ ಅಲೆಯಲೆಯಾಗಿ ಬದಲಾಗುವುದನ್ನು ನಾವು ಕೇಳುತ್ತೇವೆ.

ಎರಡನೆಯದು, ಸುಮಾರು 20 ಅಥವಾ 30 ಮಿಲಿಸೆಕೆಂಡುಗಳ ತಡೆ. ಇಲ್ಲಿ ನಮ್ಮ ಕಿವಿಯ ಒಂದು ವಿಚಿತ್ರ ಗುಣ ನೆರವಿಗೆ ಬರುತ್ತದೆ. 1949ರಲ್ಲಿ ಜರ್ಮನಿಯ ಗ್ಯೋಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಹೆಲ್ಮುಟ್ ಹಾಸ್ ಎಂಬಾತ ನಡೆಸಿದ ಪ್ರಯೋಗಗಳಿಂದ ಇದು ಸ್ಪಷ್ಟವಾಯಿತು. ಇಷ್ಟು ಬೇಗ ಹಿಂಬಾಲಿಸಿ ಬರುವ ಪ್ರತಿಧ್ವನಿಯನ್ನು ಕಿವಿಯು ಬೇರೆಯಾಗಿ ಎಣಿಸದೆ ಮೂಲಶಬ್ದದೊಂದಿಗೇ ಬೆಸೆದುಬಿಡುತ್ತದೆ. ಶಬ್ದ ಮೊದಲಿಗಿಂತ ತುಂಬಿಕೊಂಡು, ಅಗಲವಾಗಿ ಕೇಳಿಸುತ್ತದೆ. ಈ ತಡೆಯ ಅವಧಿಯನ್ನು ನಿಧಾನವಾಗಿ ತೂಗಾಡಿಸಿದರೆ ಇನ್ನೊಂದು ಸಂಗತಿ ನಡೆಯುತ್ತದೆ. ಉಯ್ಯಾಲೆಯ ಮೇಲೆ ಕುಳಿತು ಗಿಟಾರ್ ನುಡಿಸುವವನೊಬ್ಬನನ್ನು ಊಹಿಸಿಕೊಳ್ಳಿ. ಅವನು ನಮ್ಮತ್ತ ಬರುವಾಗ ಸ್ವರ ತುಸು ಏರುತ್ತದೆ, ದೂರ ಸರಿಯುವಾಗ ತುಸು ಇಳಿಯುತ್ತದೆ. ಇದೇ ಡಾಪ್ಲರ್ ಪರಿಣಾಮ. ತಡೆಯ ಅವಧಿ ಎರಡು ಸೆಕೆಂಡಿಗೊಮ್ಮೆ, ಎರಡು ಮಿಲಿಸೆಕೆಂಡು ಅತ್ತ ಇತ್ತ ತೂಗಿದರೆ, ಅದು ಸುಮಾರು 70 ಸೆಂಟಿಮೀಟರು ಅತ್ತ ಇತ್ತ ತೂಗುವ ಉಯ್ಯಾಲೆಗೆ ಸಮ. ಅದರ ಗರಿಷ್ಠ ವೇಗ ಸೆಕೆಂಡಿಗೆ 2 ಮೀಟರಿಗಿಂತ ತುಸು ಹೆಚ್ಚು. ಶಬ್ದದ ವೇಗ ಸೆಕೆಂಡಿಗೆ 343 ಮೀಟರಾದುದರಿಂದ ಸ್ವರದಲ್ಲಾಗುವ ವ್ಯತ್ಯಾಸ ನೂರಕ್ಕೆ 0.6ರಷ್ಟು. 440 ಕಂಪನದ ಸ್ವರ 443ಕ್ಕೆ ಸಮೀಪವಾಗುತ್ತದೆ. ಮತ್ತೆ 437ರ ಬಳಿಗೆ ಇಳಿಯುತ್ತದೆ. ತೂಗದೆ ನಿಂತಿರುವ ಮೂಲಸ್ವರದೊಂದಿಗೆ ಇದು ಕೂಡಿದಾಗ ವಿಸ್ಪಂದಗಳು ಏಳುತ್ತವೆ. ತಂಬೂರಿಯ ಎರಡು ತಂತಿಗಳು ಶ್ರುತಿಗೂಡುವ ಅಂಚಿನಲ್ಲಿರುವಾಗ ಕೇಳಿಬರುವ ಏರಿಳಿತವೂ ಇದೇ ಜಾತಿಯದು. ಒಬ್ಬನೇ ನುಡಿಸುತ್ತಿದ್ದರೂ ಹಲವರು ಕೂಡಿ ನುಡಿಸಿದಂತೆ ಕೇಳುವುದರಿಂದ ಈ ಯಂತ್ರಕ್ಕೆ ಕೋರಸ್ ಎಂಬ ಹೆಸರು ಬಂದಿದೆ.

ಮೂರನೆಯದು, ಹತ್ತನೆಯ ಒಂದು ಸೆಕೆಂಡು ಮತ್ತು ಅದಕ್ಕಿಂತ ದೀರ್ಘವಾದ ತಡೆ. ಈಗ ಕಿವಿಯು ಎರಡು ಶಬ್ದಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತದೆ, ಇದೇ ಪ್ರತಿಧ್ವನಿ. ವಿಜಯಪುರದ ಗೋಲಗುಂಬಜದ ಪಿಸುಮಾತಿನ ಮೊಗಸಾಲೆಯ ವ್ಯಾಸ ಸುಮಾರು 38 ಮೀಟರು. ಅಡ್ಡಲಾಗಿ ಹೋಗಿ ಹಿಂದಿರುಗಲು ಶಬ್ದಕ್ಕೆ 0.22 ಸೆಕೆಂಡು ಹಿಡಿಯುತ್ತದೆ. ಇಷ್ಟೇ ತಡೆಯನ್ನು ಕಾಂತೀಯ ಟೇಪಿನಿಂದ ಪಡೆಯಬೇಕಾದರೆ ಎಷ್ಟು ಉದ್ದ ಬೇಕು? ಟೇಪು ಸೆಕೆಂಡಿಗೆ 19 ಸೆಂಟಿಮೀಟರು ಚಲಿಸುತ್ತಿದ್ದು, ಬರೆಯುವ ಮೊನೆಗೂ ಓದುವ ಮೊನೆಗೂ ನಡುವೆ 4 ಸೆಂಟಿಮೀಟರಿದ್ದರೆ 0.21 ಸೆಕೆಂಡು ದೊರೆಯುತ್ತದೆ. ಮಹಾಗುಂಬಜವೊಂದು ಅಂಗೈಯಗಲಕ್ಕೆ ಇಳಿದಂತಾಯಿತು! 1969ರಲ್ಲಿ ಹಾಲೆಂಡಿನ ಫಿಲಿಪ್ಸ್ ಪ್ರಯೋಗಶಾಲೆಯ ಸ್ಯಾಂಗ್‌ಸ್ಟರ್ ಮತ್ತು ಟೀರ್ ಎಂಬವರು ಟೇಪೂ ಬೇಡವಾಗುವಂತೆ ಮಾಡಿದರು. ಬೆಂಕಿ ಬಿದ್ದಾಗ ಜನರು ಸಾಲಾಗಿ ನಿಂತು ನೀರಿನ ಬಕೀಟನ್ನು ಕೈಯಿಂದ ಕೈಗೆ ದಾಟಿಸುವುದಿಲ್ಲವೆ? ಹಾಗೆಯೇ ವಿದ್ಯುದಾವೇಶವನ್ನು ಒಂದು ಸಂಗ್ರಾಹಕದಿಂದ ಮುಂದಿನದಕ್ಕೆ ದಾಟಿಸುತ್ತ ಹೋಗುವ ಮಂಡಲವನ್ನು ಅವರು ರಚಿಸಿದರು. ಕಾಲಿನಿಂದ ಒತ್ತುವ ಪುಟ್ಟ ಪೆಟ್ಟಿಗೆಗಳಲ್ಲಿ ಕೋರಸ್ಸೂ ಪ್ರತಿಧ್ವನಿಯೂ ದೊರೆಯುವಂತಾದುದು ಇದರಿಂದ. ಇಂದು ಈ ಕೆಲಸವನ್ನು ಬಹುಮಟ್ಟಿಗೆ ಅಂಕಿಗಳೇ ಮಾಡುತ್ತವೆ. ಶಬ್ದವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಂಖ್ಯೆಗಳಾಗಿ ಬರೆದಿಟ್ಟು, ಬೇಕಾದಾಗ ಓದುವುದಷ್ಟೆ.

ಇಲ್ಲದ ಕೋಣೆಯನ್ನು ಕಟ್ಟುವುದು

ತಡೆದ ಶಬ್ದದ ಒಂದಂಶವನ್ನು ಮತ್ತೆ ಯಂತ್ರದ ಬಾಯಿಗೇ ಹಾಕಿದರೆ ಪ್ರತಿಧ್ವನಿಗೆ ಪ್ರತಿಧ್ವನಿ, ಅದಕ್ಕೆ ಮತ್ತೊಂದು, ಹೀಗೆ ಸರಣಿ ಬೆಳೆಯುತ್ತದೆ. ಪ್ರತಿ ಸಾರಿಯೂ ಕಂಪನದ ವಿಸ್ತಾರ ಅರ್ಧವಾಗುತ್ತದೆಂದು ಇಟ್ಟುಕೊಂಡರೆ ಶಕ್ತಿ ಕಾಲುಭಾಗವಾಗುತ್ತದೆ. ಹತ್ತು ಸಾರಿ ಮರುಕಳಿಸಿದ ಮೇಲೆ ಉಳಿಯುವುದು ಮೂಲದ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ಶಬ್ದ ಹೀಗೆ ಹತ್ತು ಲಕ್ಷದಲ್ಲೊಂದು ಪಾಲಿಗೆ, ಎಂದರೆ 60 ಡೆಸಿಬೆಲ್ಲುಗಳಷ್ಟು, ಕುಗ್ಗಲು ಹಿಡಿಯುವ ಕಾಲವನ್ನೇ ಅನುರಣನಕಾಲವೆಂದು ಕರೆಯುತ್ತಾರೆ. ನಮ್ಮ ಟೇಪು ಯಂತ್ರದ ಅನುರಣನಕಾಲ ಸುಮಾರು 2 ಸೆಕೆಂಡಾಯಿತು.

ನಿಜವಾದ ಕೋಣೆಯಲ್ಲಿ ಪ್ರತಿಧ್ವನಿಗಳು ಎಣಿಸಲಾರದಷ್ಟು ದಟ್ಟವಾಗಿ ಬರುತ್ತವೆ. ಈ ವಿಷಯವನ್ನು ಮೊದಲು ಶಾಸ್ತ್ರೀಯವಾಗಿ ಅಳೆದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವ್ಯಾಲೇಸ್ ಸೇಬಿನ್. 1895ರಲ್ಲಿ ಅಲ್ಲಿ ಹೊಸದಾಗಿ ಕಟ್ಟಿದ ಒಂದು ಉಪನ್ಯಾಸಮಂದಿರದಲ್ಲಿ ಆಡಿದ ಮಾತು ಸುಮಾರು ಐದೂವರೆ ಸೆಕೆಂಡು ಮೊಳಗುತ್ತಿದ್ದು, ಯಾರಿಗೂ ಏನೂ ತಿಳಿಯದಂತಾಗಿತ್ತು. ಸೇಬಿನ್ ರಾತ್ರಿಯ ನಿಶ್ಶಬ್ದದಲ್ಲಿ ಒಂದು ಆರ್ಗನ್ ಕೊಳವೆಯನ್ನು ಊದಿಸಿ, ಇನ್ನೊಂದು ಸಭಾಂಗಣದ ಮೆತ್ತೆಗಳನ್ನು ತಂದು ಹರಡುತ್ತ, ಶಬ್ದ ಅಡಗುವ ಕಾಲವನ್ನು ಅಳೆಯುತ್ತ ಹೋದರು. ಅವರು ಕಂಡುಕೊಂಡ ನಿಯಮ ಸರಳ: ಕೋಣೆಯ ಘನಗಾತ್ರವನ್ನು ಅದರ ಒಟ್ಟು ಶಬ್ದಶೋಷಣೆಯಿಂದ ಭಾಗಿಸಿ, ಮೀಟರಿನ ಮಾನದಲ್ಲಿ 0.16ರಿಂದ ಗುಣಿಸಿದರೆ ಅನುರಣನಕಾಲ ದೊರೆಯುತ್ತದೆ.

ಈ ಕೋಣೆಯನ್ನು ಕಟ್ಟದೆಯೇ ಅದರ ಅನುರಣನವನ್ನು ಪಡೆಯುವ ಹಲವು ಮಾರ್ಗಗಳಿವೆ. 1957ರಲ್ಲಿ ಜರ್ಮನಿಯ ಇ.ಎಂ.ಟಿ. ಸಂಸ್ಥೆಯು ಚೌಕಟ್ಟಿನಿಂದ ತೂಗುಹಾಕಿದ ತೆಳುವಾದ ಉಕ್ಕಿನ ತಗಡೊಂದನ್ನು ಕಂಪಿಸಿ ಸಭಾಂಗಣದ ಮೊಳಗನ್ನು ತಂದಿತು. 1960ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಶಾಲೆಯ ಮಾನ್‌ಫ್ರೆಡ್ ಶ್ರೋಡರ್ ಬೇರೆ ಬೇರೆ ಅವಧಿಯ ತಡೆಗಳನ್ನು ಹೆಣೆದು, ಪ್ರತಿಧ್ವನಿಗಳನ್ನು ದಟ್ಟವಾಗಿಸುವ ಗಣಿತವನ್ನು ತೋರಿಸಿದರು.

ಇಲ್ಲಿಯೇ ಕನಸಿನ ಪ್ರಶ್ನೆಗೆ ಉತ್ತರದ ಒಂದು ಎಳೆ ಸಿಗುತ್ತದೆ. ಶಬ್ದದ ದೂರವನ್ನು ಕಿವಿಯು ಅಳೆಯುವ ಒಂದು ಬಗೆಯೆಂದರೆ, ನೇರವಾಗಿ ಬಂದ ಶಬ್ದಕ್ಕೂ ಗೋಡೆಗಳಿಂದ ತಿರುಗಿಬಂದ ಶಬ್ದಕ್ಕೂ ಇರುವ ಪ್ರಮಾಣವನ್ನು ಗಮನಿಸುವುದು. ಹತ್ತಿರದವನ ಮಾತಿನಲ್ಲಿ ನೇರಶಬ್ದ ಹೆಚ್ಚು. ದೂರದವನ ಮಾತಿನಲ್ಲಿ ಮೊಳಗು ಹೆಚ್ಚು. ಈಗ ಗಾಯಕಿಯ ಉಸಿರು ಕೂಡ ಕೇಳುವಷ್ಟು ಹತ್ತಿರದಲ್ಲಿ ಮೈಕ್ರೊಫೋನನ್ನಿಟ್ಟು, ಆ ಧ್ವನಿಗೆ ಮಹಾಮಂದಿರವೊಂದರ ಮೊಳಗನ್ನು ಸೇರಿಸಿದರೆ ಏನಾಗುತ್ತದೆ? ಒಂದು ಕುರುಹು ಆಕೆ ಕಿವಿಯ ಬಳಿ ಇದ್ದಾಳೆನ್ನುತ್ತದೆ, ಇನ್ನೊಂದು ಬಹುದೂರದಲ್ಲಿದ್ದಾಳೆನ್ನುತ್ತದೆ. ಅದೇ ಗೀತದಲ್ಲಿ ಗಿಟಾರಿಗೆ ಇನ್ನೊಂದು ಅಳತೆಯ ಕೋಣೆ, ತಾಳಕ್ಕೆ ಮತ್ತೊಂದು. ಇಂತಹ ಕಟ್ಟಡ ಭೂಮಿಯ ಮೇಲೆಲ್ಲಿಯೂ ಇರಲಾರದು. ಎಚ್ಚರದಲ್ಲಿ ಒಂದನ್ನೊಂದು ಅಲ್ಲಗಳೆಯುವ ಸಂಗತಿಗಳು ಕನಸಿನಲ್ಲಿ ಜಗಳವಿಲ್ಲದೆ ಕೂಡಿರುವುದಿಲ್ಲವೆ? ಈ ಸಂಗೀತವನ್ನು ಕನಸೆಂದು ಕರೆಯಲು ಇದೊಂದು ಭೌತಿಕ ಆಧಾರವೆಂದು ನಮಗೆ ತೋರುತ್ತದೆ.

ಹದಿನಾಲ್ಕು ವರ್ಷಗಳ ದಾರಿ

ಈ ತಿಳಿವಳಿಕೆಯನ್ನು ಜೊತೆಗಿಟ್ಟುಕೊಂಡು ತಂಡದ ಮುದ್ರಿಕೆಗಳನ್ನು ಕಾಲಾನುಕ್ರಮದಲ್ಲಿ ಕೇಳಿದರೆ ನಾದದ ಬೆಳವಣಿಗೆ ಸ್ಪಷ್ಟವಾಗುತ್ತದೆ. 1982ರ 'ಗಾರ್ಲೆಂಡ್ಸ್'ನಲ್ಲಿ ತಾಳಯಂತ್ರದ ಗಡಸು ಪೆಟ್ಟು, ಮಂದ್ರ ಗಿಟಾರಿನ ಒತ್ತು, ಅವುಗಳ ಮೇಲೆ ಒರಟಾದ ಗಿಟಾರ್. ಈ ಒರಟುತನವೂ ಭೌತಶಾಸ್ತ್ರದ ವಿಷಯವೇ. ವರ್ಧಕಕ್ಕೆ ಅದರ ಶಕ್ತಿಯನ್ನು ಮೀರಿದ ತರಂಗವನ್ನು ಕೊಟ್ಟರೆ ತರಂಗದ ನೆತ್ತಿ ಕತ್ತರಿಸಿಹೋಗುತ್ತದೆ. ಮೊದಲಿಲ್ಲದ ಅಧಿಸ್ವರಗಳು ಹುಟ್ಟುತ್ತವೆ. ಎರಡು ಸ್ವರಗಳನ್ನು ಒಟ್ಟಿಗೆ ಕೊಟ್ಟರಂತೂ ಅವುಗಳ ಮೊತ್ತ ಹಾಗೂ ವ್ಯತ್ಯಾಸಗಳಿಂದ ಹೊಸ ಸ್ವರಗಳೇ ಏಳುತ್ತವೆ.

1983ರಲ್ಲಿ ಹೆಗ್ಗಿ ತಂಡವನ್ನು ಬಿಟ್ಟರು. ಉಳಿದ ಇಬ್ಬರೇ ರಚಿಸಿದ 'ಹೆಡ್ ಓವರ್ ಹೀಲ್ಸ್'ನಲ್ಲಿ ಅನುರಣನ ಒಮ್ಮೆಲೇ ಹಿಗ್ಗುತ್ತದೆ. ಗುಹೆಯ ಬಾಯಿಯಲ್ಲಿ ನಿಂತಂತಾಗುತ್ತದೆ. ಆ ಬಳಿಕ ಸೈಮನ್ ರೇಮಂಡ್ ಸೇರಿಕೊಂಡರು. 1984ರ 'ಟ್ರೆಷರ್'ನಲ್ಲಿ ಗಿಟಾರಿನ ಪದರಗಳು ಒಂದರ ಮೇಲೊಂದು ಹರಡಿ, ತಂತಿಯನ್ನು ಮೀಟಿದ ಕ್ಷಣವೇ ಮರೆಯಾಗತೊಡಗುತ್ತದೆ. ಇದು ಮುಖ್ಯವಾದ ಸಂಗತಿ. ವಾದ್ಯವನ್ನು ಗುರುತಿಸಲು ಕಿವಿಯು ಸ್ವರದ ಆರಂಭದ ಕೆಲವು ಕ್ಷಣಗಳನ್ನು ಬಹಳವಾಗಿ ಅವಲಂಬಿಸುತ್ತದೆ. ಮುದ್ರಿಸಿದ ಸ್ವರದ ಆರಂಭವನ್ನು ಕತ್ತರಿಸಿಬಿಟ್ಟರೆ ನುರಿತವರೂ ವಾದ್ಯಗಳನ್ನು ಗುರುತಿಸುವಲ್ಲಿ ತಪ್ಪುತ್ತಾರೆ. ಮೀಟು ಮುಳುಗಿದ ಗಿಟಾರು ಗಿಟಾರಾಗಿ ಉಳಿಯದೆ, ಹೆಸರಿಲ್ಲದ ವಾದ್ಯವಾಗುವುದು ಹೀಗೆ.

1986ರ 'ವಿಕ್ಟೋರಿಯಾಲೆಂಡ್' ದಕ್ಷಿಣಧ್ರುವ ಖಂಡದ ಒಂದು ಪ್ರದೇಶದ ಹೆಸರನ್ನು ಹೊತ್ತಿದೆ. ಇದರಲ್ಲಿ ರೇಮಂಡ್ ಇಲ್ಲ. ತಾಳಯಂತ್ರದ ಅಬ್ಬರವೂ ಬಹುಮಟ್ಟಿಗೆ ಇಲ್ಲ. ರಿಚರ್ಡ್ ಥಾಮಸ್ ಎಂಬ ಅತಿಥಿ ವಾದಕರು ಸ್ಯಾಕ್ಸೊಫೋನಿನ ಜೊತೆಗೆ ನಮ್ಮ ತಬಲಾವನ್ನೂ ನುಡಿಸಿದ್ದಾರೆ. ಈ ಮುದ್ರಿಕೆಯನ್ನು ಮೊದಲಿಗೆ ನಿಮಿಷಕ್ಕೆ 45 ಸುತ್ತು ತಿರುಗುವ ದೊಡ್ಡ ತಟ್ಟೆಯಾಗಿ ತಂದರು. ಸಾಮಾನ್ಯವಾದ 33⅓ ಸುತ್ತಿನ ತಟ್ಟೆಯಲ್ಲಿ ಹೊರ ಅಂಚಿನ ಗೀರು ಸೆಕೆಂಡಿಗೆ ಸುಮಾರು 50 ಸೆಂಟಿಮೀಟರು ಸೂಜಿಯಡಿಯಲ್ಲಿ ಸರಿಯುತ್ತದೆ; 45 ಸುತ್ತಿನಲ್ಲಿ 68 ಸೆಂಟಿಮೀಟರು. ಸೆಕೆಂಡಿಗೆ 10,000 ಕಂಪನದ ಸ್ವರವೊಂದಕ್ಕೆ ಮೊದಲನೆಯದರಲ್ಲಿ 0.05 ಮಿಲಿಮೀಟರು ಜಾಗವಾದರೆ, ಎರಡನೆಯದರಲ್ಲಿ 0.068 ಮಿಲಿಮೀಟರು. ಸೂಕ್ಷ್ಮವಾದ ತಾರಸ್ವರಗಳಿಗೆ ಮೂರನೆಯ ಒಂದು ಪಾಲಿಗಿಂತ ಹೆಚ್ಚಾಗಿ ಜಾಗ ದೊರೆಯಿತು. ಇದಕ್ಕೆ ತೆತ್ತ ಬೆಲೆಯೆಂದರೆ ಅವಧಿ. ತಟ್ಟೆ ಬೇಗ ಮುಗಿಯುತ್ತದೆ.

1988ರ 'ಬ್ಲೂ ಬೆಲ್ ನೋಲ್' ಅನ್ನು ಅವರು ತಮ್ಮದೇ ಧ್ವನಿಮುದ್ರಣಾಲಯದಲ್ಲಿ ರಚಿಸಿದರು. 1990ರ 'ಹೆವನ್ ಆರ್ ಲಾಸ್ ವೇಗಾಸ್'ನಲ್ಲಿ ಮಂಜು ಇದೆ, ಆದರೆ ಅದರೊಳಗಿನಿಂದ ರಾಗದ ಆಕಾರ ದೃಢವಾಗಿ ಕಾಣುತ್ತದೆ. ಗಾಯಕಿಯ ಧ್ವನಿ ಮುಂದಕ್ಕೆ ಬಂದಿದೆ. 1993ರ 'ಫೋರ್ ಕ್ಯಾಲೆಂಡರ್ ಕೆಫೆ'ಯಲ್ಲಿ ಪದಗಳು ಇನ್ನೂ ತಿಳಿಯಾಗುತ್ತವೆ. 1996ರ 'ಮಿಲ್ಕ್ ಅಂಡ್ ಕಿಸಸ್' ಕೊನೆಯದು. 1997ರಲ್ಲಿ ತಂಡ ಬೇರ್ಪಟ್ಟಿತು.

ಮಾತು ಏಕೆ ಮುಳುಗುತ್ತದೆ?

ಫ್ರೇಸರರ ಹಾಡುಗಳ ಪದಗಳು ತಿಳಿಯುವುದಿಲ್ಲವೆಂಬುದು ಪ್ರಸಿದ್ಧವಾದ ದೂರು. ಅನೇಕ ಕಡೆ ಅವರು ಪದಗಳನ್ನು ಅರ್ಥಕ್ಕಿಂತ ನಾದಕ್ಕಾಗಿ ಆರಿಸಿಕೊಂಡರು. ಆಲಾಪವನ್ನೂ ತಿಲ್ಲಾನವನ್ನೂ ಬಲ್ಲ ನಮಗೆ ಇದು ಅಪರಿಚಿತವಲ್ಲ. ಆದರೆ ಭೌತಿಕ ಕಾರಣಗಳೂ ಎರಡಿವೆ.

ಮೊದಲನೆಯದು ಗಂಟಲಿನದು. 'ಇ' ಎಂಬ ಸ್ವರಾಕ್ಷರವನ್ನು ಉಚ್ಚರಿಸುವಾಗ ಬಾಯಿಯ ಕುಹರ ಸುಮಾರು 300 ಕಂಪನಕ್ಕೆ ಅನುನಾದ ಕೊಡುತ್ತದೆ. 'ಆ' ಎನ್ನುವಾಗ 700ರ ಆಚೀಚೆ. ಈ ಅನುನಾದಗಳಿಂದಲೇ ನಾವು ಸ್ವರಾಕ್ಷರಗಳನ್ನು ಗುರುತಿಸುತ್ತೇವೆ. ಗಾಯಕಿಯು 700 ಕಂಪನದ ತಾರಸ್ವರವನ್ನು ಹಿಡಿದಾಗ ಅವಳ ಧ್ವನಿಯಲ್ಲಿರುವುದು 700, 1400, 2100 ಕಂಪನಗಳು ಮಾತ್ರ. 300ರ ಬಳಿ ಏನೂ ಇಲ್ಲ. ಇಲ್ಲದುದನ್ನು ಅನುನಾದ ಎತ್ತಿ ತೋರಿಸುವುದೆಂತು? ಆದುದರಿಂದ ತಾರಸ್ಥಾಯಿಯಲ್ಲಿ 'ಇ'ಕಾರ 'ಎ'ಕಾರಗಳ ಭೇದವೇ ಅಳಿಯುತ್ತದೆ.

ಎರಡನೆಯದು ಅನುರಣನದ್ದು. ಇದು ಸಂಗೀತವನ್ನು ದಾಟಿ ನಮ್ಮ ತರಗತಿಗಳ ವರೆಗೂ ಬರುತ್ತದೆ. 10 ಮೀಟರು ಉದ್ದ, 8 ಮೀಟರು ಅಗಲ, 4 ಮೀಟರು ಎತ್ತರದ ಕೋಣೆಯ ಘನಗಾತ್ರ 320 ಘನಮೀಟರು. ಗೋಡೆ, ನೆಲ, ಚಾವಣಿಗಳ ಒಟ್ಟು ಕ್ಷೇತ್ರ 304 ಚದರ ಮೀಟರು. ಗಾರೆಯ ಮೈ ನೂರಕ್ಕೆ ಮೂರು ಪಾಲು ಶಬ್ದವನ್ನು ಹೀರಿದರೆ ಒಟ್ಟು ಶೋಷಣೆ ಸುಮಾರು 9 ಚದರ ಮೀಟರು. ಸೇಬಿನ್ನರ ನಿಯಮದಂತೆ ಬರಿದಾದ ಕೋಣೆಯ ಅನುರಣನಕಾಲ 5.6 ಸೆಕೆಂಡು. ಅರುವತ್ತು ವಿದ್ಯಾರ್ಥಿಗಳು ಬಂದು ಕುಳಿತರೆ, ಒಬ್ಬೊಬ್ಬರಿಗೂ 0.45 ಚದರ ಮೀಟರಿನಂತೆ, ಶೋಷಣೆ 36ಕ್ಕೆ ಏರಿ ಅನುರಣನ 1.4 ಸೆಕೆಂಡಿಗೆ ಇಳಿಯುತ್ತದೆ. ಮಾತಿನಲ್ಲಿ ಸೆಕೆಂಡಿಗೆ ಸುಮಾರು ಐದು ಅಕ್ಷರಗಳು ಹೊರಡುತ್ತವೆ. ಬರಿದಾದ ಕೋಣೆಯಲ್ಲಿ ಒಂದಕ್ಷರದಿಂದ ಮುಂದಿನ ಅಕ್ಷರದ ವೇಳೆಗೆ ಹಿಂದಿನದು ಕುಗ್ಗುವುದು ಕೇವಲ 2 ಡೆಸಿಬೆಲ್. ತುಂಬಿದ ಕೋಣೆಯಲ್ಲಿ 8ಕ್ಕೂ ಹೆಚ್ಚು. ವ್ಯಂಜನಗಳ ಶಕ್ತಿ ಸ್ವರಗಳಿಗಿಂತ ಬಹಳ ಕಡಮೆಯಾದುದರಿಂದ ಹಿಂದಿನ ಸ್ವರದ ಮೊಳಗಿನಲ್ಲಿ ಮುಂದಿನ ವ್ಯಂಜನ ಮುಳುಗಿಹೋಗುತ್ತದೆ. ಗಾಯಕಿಯ ಧ್ವನಿಯನ್ನು ಮೋಹಕವಾಗಿಸಿದ ಮಂಜು ಅಧ್ಯಾಪಕರ ಪಾಠವನ್ನು ನುಂಗಿಬಿಡುತ್ತದೆ. ಹಿಂದಿನ ಬೆಂಚಿನ ವಿದ್ಯಾರ್ಥಿಗೆ ಪಾಠ ತಿಳಿಯದಿದ್ದರೆ ದೋಷ ಅವನ ಬುದ್ಧಿಯದೇ ಆಗಬೇಕಾಗಿಲ್ಲ, ಗೋಡೆಯದೂ ಆಗಿರಬಹುದು.

ಕೇಳುವವರಿಗೆ ಕೆಲವು ಮಾತು

ವಾಚಕರು ಇದನ್ನು ತಾವೇ ಪರೀಕ್ಷಿಸಬಹುದು. ಬರಿದಾದ ಸಭಾಂಗಣದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ, ಅದನ್ನು ಕೈಯಲ್ಲಿರುವ ಮೊಬೈಲಿನಲ್ಲಿ ಮುದ್ರಿಸಿಕೊಂಡು, ತರಂಗದ ನಕ್ಷೆ ಎಷ್ಟು ಬೇಗ ಕುಗ್ಗುತ್ತದೆಂಬುದನ್ನು ನೋಡಬೇಕು. ಜನ ತುಂಬಿದಾಗ ಅದೇ ಪ್ರಯೋಗವನ್ನು ಮಾಡಿ ಹೋಲಿಸಬೇಕು. ಬಳಿಕ ಈ ತಂಡದ 1982, 1986, 1990ರ ಮುದ್ರಿಕೆಗಳನ್ನು ಕ್ರಮವಾಗಿ ಕೇಳಿ, ಮೀಟಿನ ಆರಂಭ ಎಲ್ಲಿ ಕೇಳುತ್ತದೆ, ಧ್ವನಿ ಹತ್ತಿರವೋ ದೂರವೋ, ಸ್ವರ ಅಡಗಲು ಎಷ್ಟು ಹೊತ್ತು ಹಿಡಿಯಿತು ಎಂದು ಗುರುತು ಹಾಕಿಕೊಳ್ಳಬೇಕು.

ಒಂದು ಎಚ್ಚರಿಕೆ ಅಗತ್ಯ. ಅಡಗುತ್ತಿರುವ ಮೊಳಗಿನ ಕೊನೆಯ ಎಳೆಗಳು ಬಹಳ ಕ್ಷೀಣವಾದುವು. ಗದ್ದಲದ ಬಸ್ಸಿನಲ್ಲಿ ಅವನ್ನು ಹಿಡಿಯಲೆಂದು ಧ್ವನಿಯನ್ನು ಏರಿಸುವುದು ಅಪಾಯ. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಂತೆ ವಾರಕ್ಕೆ 40 ಗಂಟೆ ಕೇಳುವವರಿಗೆ 80 ಡೆಸಿಬೆಲ್ ಮಿತಿ. ಪ್ರತಿ 3 ಡೆಸಿಬೆಲ್ ಏರಿಕೆಗೂ ಅವಧಿ ಅರ್ಧವಾಗಬೇಕು. 89 ಡೆಸಿಬೆಲ್ಲಿನಲ್ಲಿ ವಾರಕ್ಕೆ 5 ಗಂಟೆ ಮಾತ್ರ. ಧ್ವನಿಯನ್ನು ಏರಿಸುವ ಬದಲು ನಿಶ್ಶಬ್ದವಾದ ಸ್ಥಳವನ್ನು ಹುಡುಕುವುದೇ ಮೇಲು. ಕೆಟ್ಟ ಕಿವಿಗೆ ಯಾವ ಮಂಜೂ ಸುಂದರವಲ್ಲ.

ಈಗ ಮೊದಲಿನ ಆಕ್ಷೇಪಕ್ಕೆ ಬರೋಣ. ಇದೆಲ್ಲವೂ ಯಂತ್ರದ ಮಾಯೆಯೆ? ಯಂತ್ರವಿಲ್ಲದೆ ಈ ನಾದವಿಲ್ಲವೆಂಬುದು ನಿಜ. ಆದರೆ ವೀಣೆಯ ಬುರುಡೆಯಿಲ್ಲದೆ ವೀಣೆಯ ನಾದವೂ ಇಲ್ಲ. ತಡೆಯ ಪೆಟ್ಟಿಗೆಗಳು ಅಂಗಡಿಯಲ್ಲಿ ಎಲ್ಲರಿಗೂ ದೊರೆಯುತ್ತಿದ್ದುವು. ಅವುಗಳಿಂದ ಈ ಸಂಗೀತ ಎಲ್ಲರಿಗೂ ದೊರೆಯಲಿಲ್ಲ. ಎಷ್ಟು ಮಿಲಿಸೆಕೆಂಡು ತಡೆಯಬೇಕು, ಯಾವ ಮೀಟನ್ನು ಮುಳುಗಿಸಬೇಕು, ಯಾವ ಪದವನ್ನು ತೇಲಿಸಬೇಕು ಎಂಬ ತೀರ್ಪು ಕಿವಿಯದು, ಮನಸ್ಸಿನದು. ಹದಿನಾಲ್ಕು ವರ್ಷಗಳಲ್ಲಿ ಅವರು ಮಂಜನ್ನು ದಟ್ಟಮಾಡಿದ್ದೂ ಉಂಟು, ತಿಳಿಮಾಡಿದ್ದೂ ಉಂಟು. ಯಂತ್ರವೇ ಯಜಮಾನನಾಗಿದ್ದರೆ ಈ ಎರಡನೆಯದು ನಡೆಯುತ್ತಿರಲಿಲ್ಲ. ಸೇಬಿನ್ ಮೆತ್ತೆಗಳನ್ನು ಹರಡಿ ಮಾತನ್ನು ಉಳಿಸಿದರು. ಈ ತಂಡದವರು ಅದೇ ನಿಯಮವನ್ನು ತಿರುಗಿಸಿ ಮಾತನ್ನು ನಾದವಾಗಿಸಿದರು. ನಿಯಮ ಒಂದೇ. ಅದನ್ನು ಅರಿತವನಿಗೆ ಎಲ್ಲಿ ಯಾವುದು ಬೇಕೆಂಬ ಆಯ್ಕೆ ದೊರೆಯುತ್ತದೆ.